‘ನಾನು ಹೇಳಿ ನೋಡಿದೆ’

ಟೋನೆ, ಚಿಕುಮಾ ಎರಡೂ ಜಪಾನಿನ ನದಿಗಳ ಹೆಸರು. ಆ ದೇಶದ ನೌಕಾಪಡೆಯಲ್ಲಿ ಭಾರೀ ಕ್ರೂಸರುಗಳಿಗೆ ಬೆಟ್ಟಗಳ ಹೆಸರನ್ನೂ ಹಗುರ ಕ್ರೂಸರುಗಳಿಗೆ ನದಿಗಳ ಹೆಸರನ್ನೂ ಇಡುವ ವಾಡಿಕೆಯಿತ್ತು. ಈ ಜೋಡಿ ಹಡಗುಗಳು ಹಗುರ ಕ್ರೂಸರುಗಳಾಗಿಯೇ ಹುಟ್ಟಬೇಕಿತ್ತು, ಏಕೆಂದರೆ 1930ರ ಲಂಡನ್ ಒಪ್ಪಂದ ಭಾರೀ ಕ್ರೂಸರುಗಳಿಗೆ ಮಿತಿ ಹಾಕಿತ್ತು. ಕಟ್ಟುತ್ತಿರುವಾಗಲೇ ಜಪಾನ್ ಒಪ್ಪಂದದಿಂದ ಹೊರಬಂತು, ಒಂದೊಂದರ ಮೇಲೂ 203 ಮಿಲಿಮೀಟರಿನ ಎಂಟೆಂಟು ಫಿರಂಗಿಗಳು ಬಂದು ಕೂತವು. ಹೆಸರು ಮಾತ್ರ ನದಿಯದೇ ಉಳಿಯಿತು. ಟೋನೆ 1938ರಲ್ಲಿ, ಚಿಕುಮಾ 1939ರಲ್ಲಿ ನಾಗಸಾಕಿಯ ಮಿತ್ಸುಬಿಷಿ ಕಟ್ಟೆಯಿಂದ ಸೇವೆಗೆ ಬಂದವು.

ಅವುಗಳ ಚಿತ್ರ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಒಂದು ವಿಚಿತ್ರ. ಫಿರಂಗಿಗಳೆಲ್ಲ ಮುಂಭಾಗದಲ್ಲೇ ಗುಂಪಾಗಿವೆ. ಹಿಂಭಾಗ ಪೂರ್ತಿ ಖಾಲಿ ಅಂಗಳದ ಹಾಗಿದೆ. ಆ ಅಂಗಳ ನೀರಿನ ಮೇಲಿಳಿಯಬಲ್ಲ ಪುಟ್ಟ ವಿಮಾನಗಳಿಗೆ ಮೀಸಲು. ವಿಮಾನವಾಹಕ ನೌಕೆಗಳ ದೊಡ್ಡ ದಂಡಿಗೆ ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ ಎಂದು ನೋಡಿಬರುವವು ಬೇಕಿದ್ದವು, ಅದಕ್ಕೇ ಈ ಹಡಗುಗಳು. ಪರ್ಲ್ ಹಾರ್ಬರ್ ದಾಳಿಗೆ ಮುನ್ನ ಅಲ್ಲಿನ ಸ್ಥಿತಿ ನೋಡಿ ಬಂದದ್ದು ಇವೆರಡರ ವಿಮಾನಗಳು. 1942ರ ಏಪ್ರಿಲ್ 5ರಂದು ಸಿಂಹಳದ ದಕ್ಷಿಣಕ್ಕೆ ಬ್ರಿಟಿಷರ ಡಾರ್ಸೆಟ್‌ಶೈರ್ ಮತ್ತು ಕಾರ್ನ್‌ವಾಲ್ ಹಡಗುಗಳನ್ನು ಕಂಡುಹಿಡಿದದ್ದು ಟೋನೆಯ ವಿಮಾನ. ಅವೆರಡೂ ಅಂದೇ ಮುಳುಗಿದವು.

ಟೋನೆಯ ಹೆಸರು ಎತ್ತಿದರೆ ನೌಕಾ ಇತಿಹಾಸದ ಹುಚ್ಚಿರುವವರು ಮಾತಾಡುವುದು ಅರ್ಧ ಗಂಟೆಯ ಬಗ್ಗೆ. 1942ರ ಜೂನ್ 4, ಮಿಡ್‌ವೇ. ಬೆಳಗಿನ 4:30ಕ್ಕೆ ಹಾರಬೇಕಿದ್ದ ಟೋನೆಯ ನಾಲ್ಕನೇ ವಿಮಾನ 5 ಗಂಟೆಗೆ ಹಾರಿತು. ಶತ್ರು ಹಡಗುಗಳಿವೆ ಎಂದು ಅದು ವರದಿ ಮಾಡಿದ್ದು 7:28ಕ್ಕೆ, ಅವುಗಳ ನಡುವೆ ವಿಮಾನವಾಹಕ ನೌಕೆ ಇದ್ದಂತಿದೆ ಎಂದು ಹೇಳಿದ್ದು ಇನ್ನೂ ಸುಮಾರು ಐವತ್ತು ನಿಮಿಷಗಳಾದ ಮೇಲೆ. ಹತ್ತೂವರೆಯ ಹೊತ್ತಿಗೆ ಮೂರು ಜಪಾನಿ ವಿಮಾನವಾಹಕ ನೌಕೆಗಳು ಹೊತ್ತಿ ಉರಿಯುತ್ತಿದ್ದವು, ಸಂಜೆ ನಾಲ್ಕನೆಯದಕ್ಕೂ ಬೆಂಕಿ ಬಿತ್ತು. ಆ ಅರ್ಧ ಗಂಟೆ ತಡವಾಗದಿದ್ದರೆ ಯುದ್ಧವೇ ಬೇರೆಯಾಗುತ್ತಿತ್ತು ಎಂದು ದಶಕಗಳ ಕಾಲ ಬರೆದರು. ಆಮೇಲೆ ಪಾರ್ಶಲ್ ಮತ್ತು ಟಲ್ಲಿ ಎಂಬ ಇಬ್ಬರು ಅಮೆರಿಕನ್ ಇತಿಹಾಸಕಾರರು ಲೆಕ್ಕ ಹಾಕಿ ತೋರಿಸಿದ್ದು ಬೇರೆಯೇ: ತಡವಾಗಿ ಹಾರಿದ್ದರಿಂದಲೇ ಆ ವಿಮಾನಕ್ಕೆ ಅಮೆರಿಕನ್ನರು ಆಗ ಕಣ್ಣಿಗೆ ಬಿದ್ದರು, ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ಬಹುಶಃ ಕಾಣುತ್ತಲೇ ಇರಲಿಲ್ಲ, ಮೊದಲೇ ಕಾಣಬೇಕಿದ್ದದ್ದು ಚಿಕುಮಾದ ವಿಮಾನಕ್ಕೆ, ಅದು ಮೋಡಗಳ ಮೇಲೆ ಹಾರಿ ಹೋಗಿತ್ತು.

ಈ ವಾದ ಓದಲು ಸೊಗಸಾಗಿದೆ, ನಾನೂ ಎರಡು ಮೂರು ಸಲ ಓದಿದ್ದೇನೆ. ಆದರೆ ಅದರಲ್ಲಿ ‘ತಪ್ಪು’ ಎಂಬ ಪದ ಎಷ್ಟು ಸಲೀಸಾಗಿ ಓಡಾಡುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ತಡವಾಗಿ ಹಾರಿದ ವಿಮಾನದಲ್ಲಿ ಕೂತಿದ್ದವನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ, ಯಾವ ಆಯ್ಕೆಯನ್ನೂ ಮಾಡಿದವನಲ್ಲ. ಅವನ ಅರ್ಧ ಗಂಟೆಗೆ ನಾವು ಅಧ್ಯಾಯಗಟ್ಟಲೆ ಕೊಡುತ್ತೇವೆ. ಅದೇ ಹಡಗಿನ ಮೇಲೆ, ಎರಡು ವರ್ಷಗಳೂ ತುಂಬುವ ಮೊದಲು, ಒಬ್ಬ ಮನುಷ್ಯ ನಿಜವಾಗಿಯೂ ಒಂದು ಆಯ್ಕೆ ಮಾಡಬೇಕಾಯಿತು. ಹಡಗಿನ ಚರಿತ್ರೆಗಳಲ್ಲಿ ಅದಕ್ಕೆ ಸಿಗುವುದು ಬಹಳವೆಂದರೆ ಒಂದು ಪ್ಯಾರಾ.

ಆ ಮನುಷ್ಯ ಕ್ಯಾಪ್ಟನ್ ಹರುವೋ ಮಯುಜುಮಿ. 1944ರ ಮಾರ್ಚ್‌ನಲ್ಲಿ ಟೋನೆಯ ನಾಯಕ, ಫಿರಂಗಿ ವಿದ್ಯೆಯಲ್ಲಿ ಹೆಸರು ಮಾಡಿದ ಅಧಿಕಾರಿ. ಹಿಂದೂ ಮಹಾಸಾಗರದಲ್ಲಿ ಮಿತ್ರರಾಷ್ಟ್ರಗಳ ಸರಕು ಹಡಗುಗಳನ್ನು ಹಿಡಿಯಲು ಅಥವಾ ಮುಳುಗಿಸಲು ಆವೊಬಾ, ಟೋನೆ, ಚಿಕುಮಾ ಎಂಬ ಮೂರು ಕ್ರೂಸರುಗಳನ್ನು ಕಳಿಸಿದ್ದರು. ಮೂರರ ಮೇಲಧಿಕಾರಿ ರಿಯರ್ ಅಡ್ಮಿರಲ್ ನವೊಮಾಸಾ ಸಕೊಂಜು, ಆತ ಇದ್ದದ್ದು ಆವೊಬಾದಲ್ಲಿ. ಮಾರ್ಚ್ 9ರಂದು ಕೊಕೋಸ್ ದ್ವೀಪಗಳ ನೈರುತ್ಯಕ್ಕೆ ಟೋನೆಗೆ ಬೆಹಾರ್ ಎಂಬ ಬ್ರಿಟಿಷ್ ಸರಕು ಹಡಗು ಸಿಕ್ಕಿತು. ಅದು ಆಸ್ಟ್ರೇಲಿಯಾದ ಕಡೆಯಿಂದ ಬೊಂಬಾಯಿಗೆ ಬರುತ್ತಿತ್ತು. ಬೆಹಾರ್ ಅಪಾಯದ ಸಂಕೇತ ಕಳಿಸಿತು, ಟೋನೆಯ ಫಿರಂಗಿಗಳು ಅದನ್ನು ಮುಳುಗಿಸಿದವು.

ಮಯುಜುಮಿ ದೋಣಿಗಳಲ್ಲಿದ್ದವರನ್ನೆಲ್ಲ ಹಡಗಿಗೆ ಹತ್ತಿಸಿಕೊಂಡ. ಒಟ್ಟು 108 ಜನ: ಬ್ರಿಟಿಷ್ ಅಧಿಕಾರಿಗಳು, ಭಾರತದ ಖಲಾಸಿಗಳು, ಕೆಲವು ಪ್ರಯಾಣಿಕರು, ಅವರಲ್ಲಿ ಇಬ್ಬರು ಹೆಂಗಸರು. ಸಕೊಂಜುಗೆ ಸುದ್ದಿ ಕೊಟ್ಟಾಗ ಬಂದದ್ದು ಬೈಗುಳ. ಇಷ್ಟು ಜನರನ್ನು ಯಾಕೆ ಹತ್ತಿಸಿಕೊಂಡೆ? ಮಾಹಿತಿಗೆ ಬೇಕಾದವರನ್ನು ಬಿಟ್ಟು ಉಳಿದವರನ್ನು ವಿಲೇವಾರಿ ಮಾಡು. ಇಂಗ್ಲಿಷಿನ ವಿವರಗಳಲ್ಲಿ ಸಿಗುವ ಪದಕ್ಕೆ ನಮ್ಮಲ್ಲಿ ಇರುವುದು ಇದೇ ಮಾತು. ಕಡತ ವಿಲೇವಾರಿ, ಕಸ ವಿಲೇವಾರಿ ಎಂದು ದಿನಾ ಕೇಳುವ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಯುಜುಮಿ ಹಾಗೆ ಮಾಡಲಿಲ್ಲ. ಅವರನ್ನು ದಡಕ್ಕೆ ಇಳಿಸಲು ಅನುಮತಿ ಕೇಳಿದ. ಸಿಗಲಿಲ್ಲ. ಮಾರ್ಚ್ 15ರಂದು ಹಡಗುಗಳು ಬಟಾವಿಯಾದ ಬಂದರು ತಾಂಜುಂಗ್ ಪ್ರಿಯೋಕ್ ತಲುಪಿದವು, ಇಂದಿನ ಜಕಾರ್ತಾ. ಅಲ್ಲಿ ಮೂವತ್ತಕ್ಕೂ ಹೆಚ್ಚು ಜನರನ್ನು ಟೋನೆಯಿಂದ ಇಳಿಸಿದರು. ಬೆಹಾರ್‌ನ ಕ್ಯಾಪ್ಟನ್ ಮತ್ತು ಆ ಇಬ್ಬರು ಹೆಂಗಸರು ಅವರಲ್ಲಿದ್ದರು. ಸುಮಾರು 70 ಜನ ಟೋನೆಯಲ್ಲೇ ಉಳಿದರು. ಹಡಗು ಮತ್ತೆ ಸಮುದ್ರಕ್ಕೆ ಹೊರಟಿತು. ಮಾರ್ಚ್ 18ರ ರಾತ್ರಿ ಅವರನ್ನು ಒಬ್ಬೊಬ್ಬರಾಗಿ ಹಡಗಿನ ಅಟ್ಟದ ಮೇಲೆ ತಂದು ಕತ್ತಿಯಿಂದ ತಲೆ ಕಡಿದು ಸಮುದ್ರಕ್ಕೆ ಹಾಕಿದರು.

ಹಡಗಿನ ಎರಡನೇ ಅಧಿಕಾರಿ ಕಮಾಂಡರ್ ಮೀ ಇದನ್ನು ವಿರೋಧಿಸಿದ್ದ, ಆ ರಾತ್ರಿಯ ಕೆಲಸಕ್ಕೆ ಕೈ ಹಾಕಲಿಲ್ಲ.

1947ರಲ್ಲಿ ಹಾಂಗ್‌ಕಾಂಗ್‌ನ ಬ್ರಿಟಿಷ್ ಮಿಲಿಟರಿ ನ್ಯಾಯಾಲಯ ಸಕೊಂಜು ಮತ್ತು ಮಯುಜುಮಿ ಇಬ್ಬರನ್ನೂ ವಿಚಾರಣೆ ಮಾಡಿತು. ಸಕೊಂಜು ತನ್ನ ಮೇಲಿದ್ದ ಅಡ್ಮಿರಲ್ ತಕಾಸುವಿನ ಆದೇಶದ ಕಡೆ ಬೆರಳು ತೋರಿದ. ತಕಾಸು 1944ರಲ್ಲೇ ಕಾಯಿಲೆಯಿಂದ ಸತ್ತಿದ್ದ. ಸಕೊಂಜುಗೆ ಮರಣದಂಡನೆ, 1948ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಮಯುಜುಮಿಗೆ ಏಳು ವರ್ಷ. ಆತ ಕೇಳಿಕೊಂಡಿದ್ದ ಎಂಬುದು ಆ ಎರಡು ಶಿಕ್ಷೆಗಳ ನಡುವಿನ ಅಂತರದಲ್ಲಿದೆ.

ಈ ಅಂತರ ಸರಿಯೇ? ನನ್ನ ಪ್ರಶ್ನೆ ಇಷ್ಟೇ. ಬೇಡ ಎಂದು ಹೇಳಿ, ಮತ್ತೆ ಹೇಳಿ, ಆಮೇಲೆ ಮಾಡಿದವನ ತಪ್ಪು, ಏನೂ ಹೇಳದೆ ಮಾಡಿದವನ ತಪ್ಪಿಗಿಂತ ಕಡಿಮೆಯೇ?

ಸಾಹಿತ್ಯ ಓದುವ ಹುಡುಗ ಹುಡುಗಿಯರ ಗುಂಪೊಂದರಲ್ಲಿ ಈ ಕತೆ ಹೇಳಿದಾಗ ಹೆಚ್ಚಿನವರು ಕೂಡಲೇ ಹೌದೆಂದರು. ‘ಪಾಪ, ಅವನು ಹೇಳಿ ನೋಡಿದ್ದನಲ್ಲ ಸರ್.’ ಆ ‘ಪಾಪ’ ನಮ್ಮ ಭಾಷೆಯ ಎಂಥ ಪದ ನೋಡಿ! ಮಾಡಿದವನ ಕೊಳೆಯನ್ನೂ ಹೇಳುತ್ತದೆ, ಮಾಡಿದವನ ಬಗ್ಗೆ ಮರುಕವನ್ನೂ ಹೇಳುತ್ತದೆ. ಒಬ್ಬ ಹುಡುಗಿ ಮಾತ್ರ ತಲೆಯಾಡಿಸಿದಳು. ‘ಗೊತ್ತಿಲ್ಲದೆ ಮಾಡಿದವನಿಗೆ ಗೊತ್ತಿರಲಿಲ್ಲ ಅಂತ ಹೇಳಬಹುದು. ಇವನಿಗೆ ಗೊತ್ತಿತ್ತು. ಗೊತ್ತಿತ್ತು ಅನ್ನೋದಕ್ಕೆ ಅವನು ಕಳಿಸಿದ ಸಂದೇಶಗಳೇ ಸಾಕ್ಷಿ.’

ಅವಳ ಮಾತು ಗಟ್ಟಿಯಾದದ್ದು. ಮಯುಜುಮಿಯ ಕೋರಿಕೆ ಅವನನ್ನು ಬಚಾವು ಮಾಡುವ ದಾಖಲೆ ಹೇಗೋ ಹಾಗೇ ಅವನನ್ನು ಕಟ್ಟಿಹಾಕುವ ದಾಖಲೆಯೂ ಹೌದು. ಬೆಹಾರ್‌ನವರು ಸೆರೆಯಾಳುಗಳು, ಸೆರೆಯಾಳುಗಳನ್ನು ಕೊಲ್ಲಬಾರದು ಎಂಬುದು ಅವನಿಗೆ ಅನುಮಾನವಿರಲಿಲ್ಲ. ಸೆರೆಯಾಳುಗಳ ಕುರಿತ 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತಾದರೂ ಅಂಗೀಕರಿಸಿರಲಿಲ್ಲ, ಅಗತ್ಯ ಬದಲಾವಣೆಗಳೊಂದಿಗೆ ಪಾಲಿಸುತ್ತೇವೆ ಎಂದು ಯುದ್ಧದ ಆರಂಭದಲ್ಲಿ ಹೇಳಿತ್ತು. ಕಾನೂನಿನ ಈ ಸಂದುಗೊಂದು ಮಯುಜುಮಿಯ ತಲೆಯಲ್ಲಿ ಇತ್ತೋ ಇಲ್ಲವೋ, ಅದು ಮುಖ್ಯವಲ್ಲ. ನೀರಿನಲ್ಲಿದ್ದವನನ್ನು ಕೈ ಹಿಡಿದು ಮೇಲೆತ್ತಿದವನಿಗೆ ಅವನನ್ನು ಕೊಲ್ಲಬಾರದೆಂದು ಹೇಳಲು ಒಪ್ಪಂದ ಬೇಕಾಗಿಲ್ಲ. ಮೇಲೆತ್ತಿದ ಆ ಕೈಯೇ ಒಂದು ಮಾತು ಕೊಟ್ಟಿರುತ್ತದೆ.

ಹಾಗಾದರೆ ಕೇಳಿಕೊಳ್ಳುವುದು ವ್ಯರ್ಥವೇ? ಅಷ್ಟು ಸುಲಭವಾಗಿ ಹೇಳಲಾರೆ. ಕೇಳಿಕೊಳ್ಳುವುದರಲ್ಲಿ ಎರಡು ಬಗೆ ಇದೆ ಎಂದು ನನಗೆ ಅನ್ನಿಸುತ್ತದೆ. ಒಂದು, ಆಗುತ್ತಿರುವುದನ್ನು ನಿಲ್ಲಿಸಲಿಕ್ಕಾಗಿ ಕೇಳಿಕೊಳ್ಳುವುದು. ಇನ್ನೊಂದು, ಆದ ಮೇಲೆ ತನ್ನ ಹೆಗಲು ಹಗುರಾಗಲಿ ಎಂದು ಕೇಳಿಕೊಳ್ಳುವುದು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಸಭೆಯಲ್ಲಿ ‘ನನ್ನ ಭಿನ್ನಾಭಿಪ್ರಾಯ ದಾಖಲಾಗಲಿ’ ಎಂದು ಹೇಳಿ, ಚಹಾ ಕುಡಿದು, ನಿರ್ಣಯಕ್ಕೆ ಸಹಿ ಹಾಕಿ ಏಳುತ್ತಾರೆ. ದಾಖಲಾದದ್ದು ಒಂದು ರಶೀದಿ. ಎರಡೂ ಬಗೆಯ ಮಾತು ಹೊರಗಿನಿಂದ ಒಂದೇ ಥರ ಕೇಳಿಸುತ್ತದೆ. ಹೇಳುವವನಿಗೂ ಆ ಹೊತ್ತಿನಲ್ಲಿ ತನ್ನದು ಯಾವುದೆಂದು ತಿಳಿಯದೇ ಇರಬಹುದು. ತಿಳಿಯುವುದು ‘ಇಲ್ಲ’ ಎಂಬ ಉತ್ತರ ಬಂದ ಮೇಲೆ.

ಮಯುಜುಮಿಗೆ ಆ ಉತ್ತರ ಬಂದದ್ದು ಸಮುದ್ರದ ನಡುವೆ. ಆದರೆ ಆಮೇಲೆ ಹಡಗು ಬಂದರಿಗೆ ಬಂತು. ನಾನು ಈ ಕತೆಯಲ್ಲಿ ಮತ್ತೆ ಮತ್ತೆ ನಿಲ್ಲುವುದು ಅಲ್ಲೇ. ಕೊಲೆ ನಡೆದ ರಾತ್ರಿಗಿಂತ ಹೆಚ್ಚಾಗಿ, ತಾಂಜುಂಗ್ ಪ್ರಿಯೋಕ್‌ನಲ್ಲಿ ಲಂಗರು ಎತ್ತಿದ ಹೊತ್ತು. ನೆಲ ಕಾಣುತ್ತಿತ್ತು. ಮೂವತ್ತಕ್ಕೂ ಹೆಚ್ಚು ಜನ ಆಗಲೇ ಇಳಿದಿದ್ದರು, ಅಂದರೆ ಇಳಿಸುವುದು ಸಾಧ್ಯವಿತ್ತು. ಉಳಿದವರನ್ನು ಇಟ್ಟುಕೊಂಡು ಹೊರಡುವುದೆಂದರೆ ಏನು ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಮೈಲಿಯೂ ಅವನ ಆಜ್ಞೆಯಿಂದಲೇ ಸಾಗಿದ್ದು. ರಾತ್ರಿಯ ಹೊತ್ತಿಗೆ ಕತ್ತಿ ಹಿಡಿದವರು ಬೇರೆಯವರಿರಬಹುದು.

ಇಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು? ಆವೊಬಾ ಕೂಡ ಜತೆಗೇ ಬಂದಿತ್ತು, ಸಕೊಂಜು ಅಲ್ಲೇ ಇದ್ದ. ಆಜ್ಞೆ ಮೀರಿದವನ ಮೇಲೆ ಕ್ರಮ ಖಂಡಿತ. ಶತ್ರುವಿನ ಎದುರು ಆಜ್ಞೆ ಮೀರಿದರೆ ಜಪಾನಿ ಸೈನಿಕ ಕಾನೂನು ಮರಣದಂಡನೆಯವರೆಗೂ ಹೋಗಬಹುದಿತ್ತು. ಈ ಭಯವನ್ನು ನಾವು ಇಲ್ಲಿ ಕುರ್ಚಿಯಲ್ಲಿ ಕೂತು ಸಣ್ಣದು ಮಾಡಬಾರದು. ಆದರೂ ಅದೇ ಹಡಗಿನಲ್ಲಿ ಮೀ ಇದ್ದ. ಅವನು ಒಲ್ಲೆ ಎಂದ, ಯುದ್ಧ ಮುಗಿದ ಮೇಲೂ ಬದುಕಿದ್ದ. ಒಬ್ಬನಿಗೆ ಸಾಧ್ಯವಾದದ್ದು ಅಸಾಧ್ಯವಾಗಿರಲಿಲ್ಲ ಎಂದಷ್ಟೇ ಇದರಿಂದ ಹೇಳಬಹುದು.

ಮೀಯನ್ನು ನಾಯಕನನ್ನಾಗಿ ಮಾಡಿ ಕತೆ ಮುಗಿಸುವ ಆಸೆ ನನಗೂ ಆಗುತ್ತದೆ. ಆದರೆ ಅವನು ಒಲ್ಲೆ ಎಂದದ್ದರಿಂದ ಒಬ್ಬನ ಜೀವವೂ ಉಳಿಯಲಿಲ್ಲ. ಅವನ ಕೈ ಸ್ವಚ್ಛವಾಗಿ ಉಳಿಯಿತು. ಇತ್ತ ಮಯುಜುಮಿ ಮೊದಲ ದಿನವೇ ಆಜ್ಞೆಯ ಅಕ್ಷರ ಪಾಲಿಸಿದ್ದರೆ 108 ಜನರಲ್ಲಿ ಬದುಕುಳಿಯುತ್ತಿದ್ದವರು ಕೈಬೆರಳೆಣಿಕೆಯಷ್ಟು. ಅವನು ಎಲ್ಲರನ್ನೂ ಹತ್ತಿಸಿಕೊಂಡು, ತಡಮಾಡಿ, ಕೇಳಿಕೊಂಡು, ಬಂದರು ಮುಟ್ಟಿಸಿದ್ದರಿಂದ ಮೂವತ್ತು ಚಿಲ್ಲರೆ ಜನ ಉಳಿದರು. ಕೊಂದವನ ಲೆಕ್ಕದಲ್ಲಿ ಉಳಿದವರಿದ್ದಾರೆ, ಕೊಲ್ಲದವನ ಲೆಕ್ಕದಲ್ಲಿ ಯಾರೂ ಇಲ್ಲ. ನೀತಿಯನ್ನು ಕೂಡಿ ಕಳೆಯುವ ಲೆಕ್ಕ ಎಂದು ನಂಬುವವರು ಈ ಇಬ್ಬರ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಉಳಿದ ಮೂವತ್ತು ಜನ ಸತ್ತ ಎಪ್ಪತ್ತು ಜನರಿಗೆ ಪರಿಹಾರವಲ್ಲ. ಆದರೆ ಮೀ ಮಾಡಿದ್ದು ಸಾಕಿತ್ತು ಎಂದೂ ಒಪ್ಪಲಾರೆ. ಎರಡನೇ ಅಧಿಕಾರಿ ಎಂದರೆ ಇಡೀ ಹಡಗಿನ ದಿನಚರಿ ಯಾರ ಕೈಯಲ್ಲಿರುತ್ತದೋ ಅವನು.

ಕನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಹಳೆಯ ಮಾತಿದೆ. ಒಡೆಯನ ಜೋಳ ತಿಂದದ್ದಕ್ಕೆ ಪ್ರಾಣ ಕೊಟ್ಟು ಋಣ ತೀರಿಸುವುದು. ನಮ್ಮ ವೀರಗಲ್ಲುಗಳ ಹಿಂದೆ ಈ ನೀತಿ ಇದೆ, ಪಂಪನ ಕರ್ಣನ ಹಿಂದೆ ಇದೆ. ಜಪಾನಿನ ನಿಷ್ಠೆಯ ಕಲ್ಪನೆ ನಮಗೆ ಪೂರ್ತಿ ಪರದೇಶದ್ದು ಎನ್ನುವವರಿಗೆ ಇದನ್ನು ನೆನಪಿಸಬೇಕು. ಆದರೆ ಈ ಮಾತಿನೊಳಗೆ ಒಂದು ಷರತ್ತಿದೆ: ಜೋಳದ ಋಣಕ್ಕೆ ಕೊಡಬೇಕಾದದ್ದು ತನ್ನ ತಲೆ. ದೋಣಿಯಿಂದ ಎತ್ತಿ ತಂದ ಇನ್ನೊಬ್ಬನ ತಲೆಯನ್ನು ಕೊಟ್ಟು ತನ್ನ ಋಣ ತೀರಿಸಬಹುದು ಎಂದು ಆ ಮಾತು ಹೇಳುವುದಿಲ್ಲ. ಹೇಳಿ ನೋಡಿದವರ ಸಾಲಿನಲ್ಲಿ ನಮಗೆ ವಿಕರ್ಣನೂ ಇದ್ದಾನೆ. ದ್ರೌಪದಿಯನ್ನು ಸಭೆಗೆಳೆದಾಗ ಇದು ಅಧರ್ಮ ಎಂದ ಕೌರವ ಅವನೊಬ್ಬನೇ. ಹೇಳಿದ, ಕೂತ, ಯುದ್ಧ ಬಂದಾಗ ಅಣ್ಣನ ಪಕ್ಷದಲ್ಲೇ ಹೋರಾಡಿ ಸತ್ತ. ವಿಕರ್ಣನನ್ನು ನಾವು ಮೆಚ್ಚುತ್ತೇವೆ, ಏಕೆಂದರೆ ಸೀರೆಗೆ ಕೈ ಹಾಕಿದವನು ಅವನಲ್ಲ. ಅವನಿಗೇ ಎಳೆಯಲು ಹೇಳಿದ್ದರೆ? ಆ ಪ್ರಶ್ನೆಯನ್ನು ಮಹಾಭಾರತ ಅವನಿಗೆ ಒಡ್ಡಲಿಲ್ಲ. ಮಯುಜುಮಿಗೆ ಒಡ್ಡಲಾಯಿತು.

ತೀರ್ಪು ಕೊಟ್ಟವರ ಬಗ್ಗೆಯೂ ಒಂದು ಮಾತು. ಮೇಲಿನವರ ಆಜ್ಞೆಯಂತೆ ನಡೆದವನನ್ನು ಯುದ್ಧಾಪರಾಧಿ ಎನ್ನಲಾಗದು ಎಂದು ಬ್ರಿಟಿಷರ ಮಿಲಿಟರಿ ಕಾನೂನಿನ ಕೈಪಿಡಿಯೇ ಬಹುಕಾಲ ಹೇಳುತ್ತಿತ್ತು. ಅದನ್ನು ತಿದ್ದಿ, ಆಜ್ಞೆ ಎಂಬುದು ತಪ್ಪಿಸಿಕೊಳ್ಳುವ ದಾರಿಯಲ್ಲ ಎಂದು ಬರೆದದ್ದು 1944ರ ಏಪ್ರಿಲ್‌ನಲ್ಲಿ. ಬೆಹಾರ್‌ನವರು ಸತ್ತ ಮರುತಿಂಗಳು. ಸೋಲುತ್ತಿರುವ ಶತ್ರುವನ್ನು ಕಟಕಟೆಗೆ ತರಬೇಕಾದ ಹೊತ್ತಿಗೆ ನಿಯಮ ಬದಲಾಯಿತು ಎಂದು ಮೂಗು ಮುರಿಯಬಹುದು, ಮುರಿದವರಿದ್ದಾರೆ. ನನಗೆ ಅದರಿಂದ ತೀರ್ಪು ಸುಳ್ಳಾಯಿತು ಅನ್ನಿಸುವುದಿಲ್ಲ. ಕೈಪಿಡಿ ಏನು ಹೇಳುತ್ತಿದ್ದರೂ ಮಯುಜುಮಿಗೆ ಸರಿ ಯಾವುದೆಂದು ಮಾರ್ಚ್ 9ರಂದೇ ತಿಳಿದಿತ್ತು. ಕಾನೂನಿಗಿಂತ ಒಂದು ತಿಂಗಳು ಮೊದಲೇ.

ಆ ವರ್ಷದ ಅಕ್ಟೋಬರ್ 25ರಂದು ಫಿಲಿಪ್ಪೀನ್ಸಿನ ಸಮಾರ್ ದ್ವೀಪದ ಬಳಿ ಟೋನೆ ಮತ್ತು ಚಿಕುಮಾ ಕೊನೆಯ ಸಲ ಜತೆಯಾಗಿ ಹೋರಾಡಿದವು. ಟೋನೆಯ ನಾಯಕ ಆಗಲೂ ಮಯುಜುಮಿಯೇ. ಚಿಕುಮಾಕ್ಕೆ ವಿಮಾನದಿಂದ ಬಿದ್ದ ಟಾರ್ಪಿಡೋ ತಗುಲಿತು. ನೊವಾಕಿ ಎಂಬ ಸಣ್ಣ ಡಿಸ್ಟ್ರಾಯರ್ ಅಪಾಯದ ನಡುವೆಯೂ ಹಿಂದೆ ಉಳಿದು ಚಿಕುಮಾದ ನಾವಿಕರನ್ನು ಹತ್ತಿಸಿಕೊಂಡಿತು. ಹಾಗೆ ಉಳಿದದ್ದರಿಂದ ಅದು ದಂಡಿನಿಂದ ಹಿಂದೆ ಬಿತ್ತು, ಆ ರಾತ್ರಿಯೇ ಅಮೆರಿಕನ್ ಹಡಗುಗಳ ಕೈಗೆ ಸಿಕ್ಕಿ, ಹತ್ತಿಸಿಕೊಂಡವರೂ ಹತ್ತಿದವರೂ ಎಲ್ಲರೂ ಮುಳುಗಿದರು. ಚಿಕುಮಾದಲ್ಲಿದ್ದವರಲ್ಲಿ ಬದುಕಿ ಬಂದವನು ಒಬ್ಬನೇ, ನೊವಾಕಿಗೆ ಸಿಗದೆ ನೀರಿನಲ್ಲೇ ಉಳಿದವನು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೂ ಬೆಹಾರ್ ಕತೆಯ ಪಕ್ಕದಲ್ಲಿಟ್ಟು ಓದದೆ ಇರಲು ನನಗೆ ಆಗುವುದಿಲ್ಲ. ಎತ್ತಿಕೊಂಡವರ ಜತೆ ತಾವೂ ಮುಳುಗಿದವರು ಒಂದು ಕಡೆ. ಎತ್ತಿಕೊಂಡವರನ್ನು ತಾವೇ ನೀರಿಗೆ ಹಾಕಿದವರು ಇನ್ನೊಂದು ಕಡೆ. ಒಂದೇ ನೌಕಾಪಡೆ, ಏಳು ತಿಂಗಳ ಅಂತರ.

ಟೋನೆ 1945ರ ಜುಲೈ ಕೊನೆಯಲ್ಲಿ ಕುರೆ ಬಳಿ ಬಾಂಬು ಬಿದ್ದು ದಡದ ಹತ್ತಿರವೇ ತಳ ಹಿಡಿಯಿತು, ಆಮೇಲೆ ಗುಜರಿಗೆ ಹೋಯಿತು. ಮಯುಜುಮಿ ಸೆರೆಯಿಂದ ಹೊರಬಂದು ನೌಕಾ ಫಿರಂಗಿಗಳ ಬಗ್ಗೆ ಬರೆದ. ಅವನ ಹೆಸರು ಮಿಲಿಟರಿ ಇತಿಹಾಸದವರಿಗೆ ಪರಿಚಿತ. ಬೆಹಾರ್‌ನ ಬ್ರಿಟಿಷ್ ಅಧಿಕಾರಿಗಳ ಹೆಸರೂ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುತ್ತದೆ. ಅವರ ಜತೆಗಿದ್ದ ಖಲಾಸಿಗಳನ್ನು ನಾನು ಓದಿದ ಬಹುತೇಕ ಬರಹಗಳು ಒಂದೇ ಪದದಲ್ಲಿ ಮುಗಿಸುತ್ತವೆ: ‘ಲಸ್ಕರ್‌ಗಳು’. ಬಾಯ್ಲರಿಗೆ ಬೆಂಕಿ ಹಾಕುವವರು, ಅಟ್ಟ ತೊಳೆಯುವವರು, ಅಡುಗೆಯವರು. ಬೇರೆಯವರ ಸಾಮ್ರಾಜ್ಯದ ಹಡಗಿನಲ್ಲಿ ಸಂಬಳಕ್ಕೆ ದುಡಿಯುತ್ತ ಬೊಂಬಾಯಿಗೆ ಬರುತ್ತಿದ್ದವರು. ಆ ರಾತ್ರಿ ಸತ್ತವರಲ್ಲಿ ಅವರೂ ಇದ್ದರು. ಯಾರೂ ಅವರ ಅಭಿಪ್ರಾಯ ಕೇಳಲಿಲ್ಲ, ದಾಖಲಿಸಲೂ ಇಲ್ಲ.

ಸಮುದ್ರದಲ್ಲೇ ಸತ್ತು, ಸಮಾಧಿಯಿಲ್ಲದೆ ಹೋದ ಭಾರತೀಯ ನಾವಿಕರಿಗೆ ಆ ಯುದ್ಧದ ಸ್ಮಾರಕವೆಂದು ಇರುವುದು ಕಲ್ಲಲ್ಲ, ಪುಸ್ತಕ. ಒಂದು ಪ್ರತಿ ಮುಂಬಯಿಯ ನಾವಿಕರ ವಸತಿಗೃಹದಲ್ಲಿ, ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗ್‌ನ ಯುದ್ಧ ಸಮಾಧಿಯಲ್ಲಿದೆ. ಅದರಲ್ಲಿ ಸಾವಿರಾರು ಹೆಸರುಗಳಿವೆ.